ಎರಡು ಬೆರಳಿನ ಕಾಯಿದೆ: ದಿಲ್ಲಿ ಘರಾಣೆಯ ತಬಲಾ ಒಳಗಿನಿಂದ

ಧಾ ಧಾ ತೆ ಟೆ, ಧಾ ಧಾ ತೀ ನಾ. ಹುಬ್ಬಳ್ಳಿ, ಧಾರವಾಡ, ಗದಗ ಯಾವ ಊರಿನ ತಬಲಾ ಕ್ಲಾಸಿಗೆ ಹೋದರೂ ಮಕ್ಕಳ ಬಾಯಲ್ಲಿ ಮೊದಮೊದಲು ಕೇಳಿಬರುವ ಸಾಲುಗಳಲ್ಲಿ ಇದೊಂದು. ಇದು ದಿಲ್ಲಿ ಘರಾಣೆಯ ಕಾಯದಾ, ಎಂದರೆ ಕಟ್ಟುಪಾಡಿನೊಳಗೇ ಬೆಳೆಸುತ್ತ ಹೋಗುವ ತಬಲಾ ರಚನೆ. ಹೆಸರು ಪರಕೀಯ ಅನ್ನಿಸಿದರೂ ನಮ್ಮ ‘ಕಾಯಿದೆ’ಯೂ ಈ ‘ಕಾಯದಾ’ವೂ ಒಂದೇ ಅರಬ್ಬಿ ಪದದಿಂದ ಬಂದವು. ತಬಲಾದ ಮಿಕ್ಕ ಮಾತುಗಳೂ ನಮಗೆ ಹೊಸವಲ್ಲ. ನಡುವಿನ ಕಪ್ಪು ಭಾಗ ‘ಶಾಯಿ’, ಅದರ ಸುತ್ತಲಿನ ಬಯಲು ‘ಮೈದಾನ’, ಅಂಚು ‘ಕಿನಾರ್’, ತಾಳದಲ್ಲಿ ಡಗ್ಗಾದ (ಎಡಗೈಯ ವಾದ್ಯದ) ಗುಂಗು ಇಲ್ಲದ ಜಾಗ ‘ಖಾಲಿ’. ಲಾರಿ ಪಲ್ಟಿಯಾಯಿತು ಅನ್ನುತ್ತೇವಲ್ಲ, ಕಾಯದಾದ ಬೋಲುಗಳನ್ನು (ಧಾ, ತೆ, ಟೆಯಂಥ ನುಡಿಗಳನ್ನು) ಹಾಗೆ ತಿರುವಿ ಮುರುವಿ ನುಡಿಸಿದರೆ ‘ಪಲಟಾ’.

ಪದಗಳು ಪರಿಚಿತವಾದರೂ ಕಾಯದಾ ಏಕೆ ಬೇಕು ಎನ್ನುವುದು ನಮ್ಮ ಕಡೆ ಪೂರ್ತಿ ಮನಸ್ಸಿಗೆ ಇಳಿದಿಲ್ಲ. ಇದು ಗಾಯನದ ನಾಡು. ಕುಂದಗೋಳದ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಬಸವರಾಜ ರಾಜಗುರು ಹಾಡಿದ ನೆಲದಲ್ಲಿ ತಬಲಾಕ್ಕೆ ಸಿಕ್ಕ ಮೊದಲ ಕೆಲಸ ಸಾಥ್, ಎಂದರೆ ಹಾಡಿಗೆ ಜೊತೆ ನುಡಿಸುವುದು. ಗಂಗೂಬಾಯಿಯವರ ದನಿಯ ಪಕ್ಕ ಶೇಷಗಿರಿ ಹಾನಗಲ್ಲರ ತಬಲಾ ನೆನಪಾಗುವುದು ಅದಕ್ಕೇ. ಹಾಗಾಗಿ ಕಾಯದಾ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಐಟಂ, ಸಾಥಿಗೆ ಠೇಕಾ (ತಾಳದ ಗೊತ್ತಾದ ಬೋಲುಸಾಲು) ಬಂದರೆ ಸಾಕು ಎಂಬ ಎಣಿಕೆ ಬೇರೂರಿದೆ. ಈ ಎಣಿಕೆ ತಪ್ಪು. ಗಾಯಕರು ಕಣ್ಣುಮುಚ್ಚಿ ನೆಚ್ಚಬಹುದಾದ ಠೇಕಾ ತಯಾರಾಗುವುದೇ ದಿಲ್ಲಿಯ ಕಾಯದಾದ ಗರಡಿಯಲ್ಲಿ.

ಇತಿಹಾಸ ಚಿಕ್ಕದಾಗಿ ಹೇಳಿದರೆ ಸಾಕು. ಹದಿನೆಂಟನೆಯ ಶತಮಾನದ ದಿಲ್ಲಿಯ ಸಿದ್ಧಾರ್ ಖಾನ್ ಢಾಢಿ ಅವರನ್ನು ಈ ಘರಾಣೆಯ ಮೂಲಪುರುಷ ಎನ್ನುತ್ತಾರೆ. ಅವರ ಪರಂಪರೆಯ ಮೋದು ಖಾನ್, ಬಖ್ಶು ಖಾನ್ ಲಖನೌಗೆ ಹೋದರು. ಅಲ್ಲಿಂದ ಲಖನೌ ಘರಾಣೆ, ಬಖ್ಶು ಖಾನರ ಅಳಿಯ ಹಾಜಿ ವಿಲಾಯತ್ ಅಲಿ ಖಾನರಿಂದ ಫರೂಖಾಬಾದ್, ಮೋದು ಖಾನರ ಶಿಷ್ಯ ರಾಮಸಹಾಯರಿಂದ ಬನಾರಸ್. ಮೀರತ್ ಹತ್ತಿರದ ಅಜರಾಡಾ ಎಂಬ ಹಳ್ಳಿಯಿಂದ ಕಲ್ಲು ಖಾನ್, ಮೀರು ಖಾನ್ ಎಂಬ ಅಣ್ಣತಮ್ಮಂದಿರು ದಿಲ್ಲಿಗೆ ಬಂದು ಸಿತಾಬ್ ಖಾನರ ಹತ್ತಿರ ಕಲಿತು ತಮ್ಮದೇ ದಾರಿ ಹಿಡಿದರು. ಪಂಜಾಬ್ ಮಾತ್ರ ಮೃದಂಗದಂಥ ವಾದ್ಯವಾದ ಪಖವಾಜಿನ ಬುಡದಿಂದ ಬೇರೆಯಾಗಿ ಬೆಳೆಯಿತು. ಹೀಗೆ ಆರು ಘರಾಣೆ. ಪಂಜಾಬ್ ಬಿಟ್ಟರೆ ಉಳಿದವಕ್ಕೆಲ್ಲ ದಿಲ್ಲಿಯೇ ತವರು.

ಘರಾಣೆ ಎಂದರೆ ವಂಶಾವಳಿ ಎಂದಷ್ಟೇ ತಿಳಿದರೆ ಕೈಗೆ ಏನೂ ಹತ್ತುವುದಿಲ್ಲ. ಅದು ಬಾಜ್, ಅಂದರೆ ನುಡಿಸುವ ರೀತಿ: ಯಾವ ಬೆರಳು, ಚರ್ಮದ ಯಾವ ಜಾಗ, ಎಷ್ಟು ಭಾರ. ದಿಲ್ಲಿಯದಕ್ಕೆ ‘ದೋ ಉಂಗಲಿಯೋಂ ಕಾ ಬಾಜ್’ ಎಂದೂ ‘ಕಿನಾರ್ ಕಾ ಬಾಜ್’ ಎಂದೂ ಹೆಸರು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಇಷ್ಟರಲ್ಲೇ ಬಹುಪಾಲು ಕೆಲಸ. ಅಂಗೈ ಬೀಸಿ ಹೊಡೆಯುವುದಿಲ್ಲ. ಪಖವಾಜಿನಂತೆ ಮೊಳಗುವ ದನಿ ಇಲ್ಲ, ಸಣ್ಣ, ಬಿಡಿಬಿಡಿ, ಚೊಕ್ಕ ದನಿ.

ಮೊದಲು ‘ನಾ’ ನೋಡೋಣ. ತೋರುಬೆರಳು ಕಿನಾರಿಗೆ ಬಿದ್ದು ಮರುಕ್ಷಣವೇ ಮೇಲೇಳಬೇಕು. ಅದೇ ಹೊತ್ತಿಗೆ ಉಂಗುರಬೆರಳು ಶಾಯಿಯ ಅಂಚಿನ ಮೇಲೆ ಹಗುರವಾಗಿ ಕೂತಿರಬೇಕು. ಈ ಬೆರಳು ಹೊಡೆಯುವುದಿಲ್ಲ, ಆದರೆ ಇದಿಲ್ಲದೆ ‘ನಾ’ ಇಲ್ಲ. ಚರ್ಮ ಒಂದೇ ಸಲಕ್ಕೆ ಹಲವು ರೀತಿ ಕಂಪಿಸುತ್ತದೆ. ಉಂಗುರಬೆರಳು ಎಲ್ಲಕ್ಕಿಂತ ಕೆಳಗಿನ ಕಂಪನವನ್ನು ತಡೆದು ಮೇಲಿನದನ್ನು ಬಿಡುತ್ತದೆ. ಪೇಟಿಯ ಸ್ವರಕ್ಕೆ ನಾವು ಹೊಂದಿಸುವುದು ಹಾಗೆ ಉಳಿದ ಸ್ವರವನ್ನೇ. ಸಾಮಾನ್ಯ ಡೊಳ್ಳು, ಹಲಗೆಗಳಿಗೆ ಇಷ್ಟು ಖಚಿತ ಸ್ವರ ಬಾರದು. ಶಾಯಿಯ ಭಾರದಿಂದಲೇ ತಬಲಾದ ಉಪಸ್ವರಗಳು ತಂತಿವಾದ್ಯದ ಹಾಗೆ ಒಂದಕ್ಕೊಂದು ಹೊಂದುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿಕೊಟ್ಟರು.

ಹೊಸಬರಲ್ಲಿ ‘ನಾ’ ಕೆಡುವುದು ಮೂರು ರೀತಿ. ಬೆರಳು ಕಿನಾರಿನ ಮೇಲೇ ಅಂಟಿ ನಿಂತರೆ ದನಿ ‘ಟಪ್’ ಎಂದು ಸತ್ತುಹೋಗುತ್ತದೆ. ಉಂಗುರಬೆರಳು ಎದ್ದರೆ ಕೆಳಸ್ವರ ನುಗ್ಗಿ ‘ತೂ’ ಆಗುತ್ತದೆ. ಉಂಗುರಬೆರಳನ್ನು ಒತ್ತಿ ಹಿಡಿದರೆ ಎಲ್ಲವೂ ಕಟ್ಟಿಕೊಂಡು ಮರ ಬಡಿದ ಹಾಗೆ ಕೇಳುತ್ತದೆ. ಮೂರನೆಯದೇ ಹೆಚ್ಚು, ಏಕೆಂದರೆ ಜೋರಾಗಿ ಹೊಡೆಯುವಾಗ ಇಡೀ ಕೈ ಬಿಗಿಯುತ್ತದೆ. ಜೋರು ಬೇಡ. ಬೆರಳಿನ ಮೊದಲ ಗೆಣ್ಣಿನ ಭಾಗ ಸಪಾಟಾಗಿ ಬಿದ್ದರೆ ಕಿನಾರ್ ತಾನೇ ಕೂಗುತ್ತದೆ.

‘ತೆ ಟೆ’ಯಲ್ಲಿ ಘರಾಣೆಯ ಗುರುತು ಇನ್ನೂ ಸ್ಪಷ್ಟ. ದಿಲ್ಲಿಯಲ್ಲಿ ‘ತೆ’ ನಡುಬೆರಳೊಂದರಿಂದ, ‘ಟೆ’ ತೋರುಬೆರಳೊಂದರಿಂದ, ಎರಡೂ ಶಾಯಿಯ ನಟ್ಟನಡುವೆ, ಎರಡೂ ಬಂದ್, ಎಂದರೆ ಗುಂಗು ಉಳಿಯಬಾರದು. ಪೂರಬ್ (ಲಖನೌ, ಫರೂಖಾಬಾದ್, ಬನಾರಸ್) ಕಡೆಯ ಬಾಜಿನಲ್ಲಿ ‘ತೆ’ಗೆ ನಡು, ಉಂಗುರ, ಕಿರುಬೆರಳು ಒಟ್ಟಾಗಿ ಬೀಳುವುದುಂಟು, ದನಿ ದಪ್ಪವಾಗುತ್ತದೆ. ನಡುಬೆರಳಿಗೆ ಸಹಜವಾಗಿ ಬಲ ಹೆಚ್ಚು, ಹಾಗಾಗಿ ‘ತೆ’ ಗಟ್ಟಿ, ‘ಟೆ’ ಪೊಳ್ಳು ಆಗುವುದು ಎಲ್ಲರ ಕೈಯಲ್ಲೂ ಕಾಣುವ ದೋಷ. ನಿಧಾನ ಲಯದಲ್ಲಿ ಇದು ಗೊತ್ತಾಗದು. ಲಯ ಏರಿದಾಗ ‘ಟೆ’ ಮಾಯವಾಗಿ ಜೋಡಿ ಬೋಲಿನ ಜಾಗದಲ್ಲಿ ಒಂದೇ ಬೋಲು ಕುಂಟುತ್ತದೆ. ಪರಿಹಾರ: ಕೆಲವು ದಿನ ಜೋಡಿಯನ್ನು ತಿರುಗಿಸಿ, ತೋರುಬೆರಳಿನಿಂದ ಶುರುಮಾಡಿ, ಅದರ ಮೇಲೆ ಒತ್ತು ಇಟ್ಟು ನುಡಿಸುವುದು.

ಈಗ ಎಡಗೈ. ಮಣಿಕಟ್ಟು ಡಗ್ಗಾದ ಚರ್ಮದ ಮೇಲೆ ಊರಿರಬೇಕು, ಬೆರಳು ಕಮಾನಾಗಿ ಎದ್ದು ಶಾಯಿಯ ಆಚೆ ಬದಿ ಬೀಳಬೇಕು: ಅದು ‘ಗೆ’, ಗುಂಗು ಇರುವ ಬೋಲು. ಅಂಗೈ ಚಪ್ಪಟೆಯಾಗಿ ಬಿದ್ದು ಅಲ್ಲೇ ನಿಂತರೆ ‘ಕೆ’, ಗುಂಗು ಇಲ್ಲದ್ದು. ಬಲಗೈ ‘ನಾ’ಗೆ ‘ಗೆ’ ಕೂಡಿದರೆ ‘ಧಾ’. ‘ಗೆ’ ಬಿಟ್ಟರೆ ಅದೇ ಬಲಗೈ ಪೆಟ್ಟಿನ ಹೆಸರು ‘ತಾ’. ಇಡೀ ಕಾಯದಾದ ಗುಟ್ಟು ಈ ಧಾ–ತಾ ಜೋಡಿಯಲ್ಲಿದೆ.

ಮುಖ, ಎಂದರೆ ಕಾಯದಾದ ಮೊದಲ ಸಾಲು, ತೀನ್‌ತಾಲದ 16 ಮಾತ್ರೆಗೆ ಹೀಗೆ ಕೂಡುತ್ತದೆ:

ಧಾ ಧಾ ತೆ ಟೆ | ಧಾ ಧಾ ತೀ ನಾ |
ತಾ ತಾ ತೆ ಟೆ | ಧಾ ಧಾ ಧೀ ನಾ |

ಬಲಗೈ ಎರಡೂ ಸಾಲಿನಲ್ಲಿ ಮಾಡುವುದು ಒಂದೇ ಕೆಲಸ. ಬದಲಾಗುವುದು ಎಡಗೈ ಮಾತ್ರ. ಏಳನೆಯ ಮಾತ್ರೆಯ ‘ತೀ’ಯಲ್ಲಿ ಡಗ್ಗಾ ಸುಮ್ಮನಾಗಿ ಖಾಲಿ ಬರುತ್ತಿದೆ ಎಂದು ಸೂಚಿಸುತ್ತದೆ. ಒಂಬತ್ತರಲ್ಲಿ ಖಾಲಿ. ಹದಿಮೂರರಲ್ಲಿ ಡಗ್ಗಾ ಮರಳುತ್ತದೆ. ಹದಿನೈದರ ‘ಧೀ’ ಮುಂದೆ ಸಮ್ (ತಾಳದ ಮೊದಲ ಮಾತ್ರೆ) ಇದೆ ಎನ್ನುತ್ತದೆ. ತಾಳ ಹಾಕದೆ ಬರಿ ಕಿವಿಯಿಂದಲೇ ಕೇಳುಗ ಎಲ್ಲಿದ್ದೇನೆ ಎಂದು ತಿಳಿಯಬೇಕು, ಇದು ಕಾಯಿದೆಯ ಮೊದಲ ಕಲಮು. ಇನ್ನೊಂದು ಕಲಮು: ಮುಖದಲ್ಲಿ ಇರುವ ಬೋಲುಗಳ ಹೊರಗಿನಿಂದ ಒಂದನ್ನೂ ತರುವಂತಿಲ್ಲ. ಇಲ್ಲಿ ‘ಧಾ ಧಾ ತಿರಕಿಟ’ ಎಂದು ನುಡಿಸಿದರೆ ಎಷ್ಟೇ ಸೊಗಸಾಗಿದ್ದರೂ ಕಾಯಿದೆ ಮುರಿದಂತೆ. ತಿರಕಿಟ ಬೇಕಾದವರಿಗೆ ಅದನ್ನು ಮುಖದಲ್ಲೇ ಇಟ್ಟುಕೊಂಡ ಬೇರೆ ಕಾಯದಾಗಳಿವೆ: ‘ಧಾತಿ ಧಾಗೆ ನಾಧಾ ತಿರಕಿಟ ಧಾತಿ ಧಾಗೆ ತೀನಾ ಕೀನಾ’ ದಿಲ್ಲಿಯದೇ. ಜೊತೆಗೆ ಪ್ರತಿ ಪಲಟಾ ಕೊನೆಗೆ ‘ತೀ ನಾ’ ಬಾಲಕ್ಕೇ ಬಂದು ಸೇರಬೇಕು, ಮತ್ತು ಭರಿಯಲ್ಲಿ (ಡಗ್ಗಾದ ಗುಂಗು ಇರುವ ಭಾಗದಲ್ಲಿ) ನುಡಿಸಿದ್ದನ್ನು ಖಾಲಿಯಲ್ಲಿ ಚಾಚೂತಪ್ಪದೆ ತೋರಿಸಬೇಕು.

ದುಗುನ್‌ನಲ್ಲಿ, ಅಂದರೆ ಮಾತ್ರೆಗೆ ಎರಡು ಬೋಲಿನಂತೆ, ಮುಖದ 16 ಬೋಲು 8 ಮಾತ್ರೆಗೇ ಮುಗಿಯುತ್ತದೆ. ಎರಡನೆಯ ಸಲ ಒಂಬತ್ತನೆಯ ಮಾತ್ರೆಗೆ ‘ಧಾ’ ಎಂದೇ ಶುರುವಾಗಿ, ಕಾಯದಾದ ಖಾಲಿಗೂ ತಾಳದ ಖಾಲಿಗೂ ತಾಳೆ ತಪ್ಪುತ್ತದೆ. ಅದಕ್ಕೇ ಪಲಟಾದ ಉದ್ದ ಇಮ್ಮಡಿ, 32 ಬೋಲು:

ಧಾ ಧಾ ತೆ ಟೆ ಧಾ ಧಾ ತೆ ಟೆ | ಧಾ ಧಾ ತೆ ಟೆ ಧಾ ಧಾ ತೀ ನಾ |
ತಾ ತಾ ತೆ ಟೆ ತಾ ತಾ ತೆ ಟೆ | ಧಾ ಧಾ ತೆ ಟೆ ಧಾ ಧಾ ಧೀ ನಾ |

ಹದಿನೇಳನೆಯ ಬೋಲು ‘ತಾ’ ಸರಿಯಾಗಿ ಒಂಬತ್ತನೆಯ ಮಾತ್ರೆಯ ಮೇಲೆ ಕೂರುತ್ತದೆ. ಬೆರಳಲ್ಲಿ ಎಣಿಸಿ ನೋಡಿದರೆ ಈ ಲೆಕ್ಕದ ಅಂದ ತಿಳಿಯುತ್ತದೆ. ಮುಂದಿನ ಪಲಟಾದ ಭರಿ ಭಾಗ:

ಧಾ ತೆ ಟೆ ಧಾ ತೆ ಟೆ ಧಾ ಧಾ | ಧಾ ಧಾ ತೆ ಟೆ ಧಾ ಧಾ ತೀ ನಾ |

ಇಲ್ಲಿ ಎಂಟು ಬೋಲು ಮೂರು, ಮೂರು, ಎರಡು ಎಂದು ಒಡೆದಿವೆ. ‘ಧಾ ತೆ ಟೆ’ಯನ್ನು ಮೂರರ ಗುಂಪಾಗಿ ಕಿವಿ ಹಿಡಿದ ಕೂಡಲೇ ಕೈ ಅದನ್ನು ತಿಸ್ರಕ್ಕೆ ಎಳೆಯುತ್ತದೆ, ಒಂದು ಮಾತ್ರೆಯಲ್ಲಿ ಮೂರು ತುರುಕಿದಂತಾಗಿ ಕೊನೆಯ ‘ಧಾ ಧಾ’ಕ್ಕೆ ಜಾಗ ಮಿಕ್ಕಿ ಲಯ ಓಡುತ್ತದೆ. ಬೋಲು ಬೋಲಿನ ನಡುವಿನ ಅಂತರ ಒಂದೇ, ಒತ್ತು ಮಾತ್ರ ಜರುಗುತ್ತದೆ. ಇದನ್ನು ಸರಿಪಡಿಸಲು ಕೈಯಿಂದ ಆಗದು, ಬಾಯಿಂದ ಆಗುತ್ತದೆ. ಪಢಂತ್, ಎಂದರೆ ಕೈತಾಳ ಹಾಕುತ್ತ ಬೋಲನ್ನು ಗಟ್ಟಿಯಾಗಿ ಹೇಳುವುದು. ಹೇಳಲು ಬಾರದ ಪಲಟಾವನ್ನು ನುಡಿಸಬಾರದು. ಇದರಲ್ಲಿ ರಿಯಾಯಿತಿ ಕೊಟ್ಟ ಕ್ಲಾಸುಗಳ ಹುಡುಗರು ಬೆರಳಿನಲ್ಲಿ ಮುಂದೆ, ತಾಳದಲ್ಲಿ ಹಿಂದೆ ಉಳಿಯುತ್ತಾರೆ.

ಅಂದಹಾಗೆ ಈ ಪಲಟಾದ ಮೊದಲ ಎಂಟು ಬೋಲಿನಿಂದಲೇ ದಿಲ್ಲಿಯ ಇನ್ನೊಂದು ಹೆಸರಾಂತ ಕಾಯದಾ ಶುರುವಾಗುತ್ತದೆ: ಧಾ ತೆ ಟೆ ಧಾ ತೆ ಟೆ ಧಾ ಧಾ, ತೆ ಟೆ ಧಾ ಗೆ ತೀ ನಾ ಕೀ ನಾ. ಮೊದಲ ಕಾಯದಾ ಗಟ್ಟಿಯಾದ ಕೈಗೆ ಇದು ಅರ್ಧ ಬಂದಂತೆಯೇ.

ಮುಗಿಸುವುದು ತಿಹಾಯಿಯಿಂದ: ಒಂದೇ ತುಣುಕು ಮೂರು ಸಲ, ಮೂರನೆಯದರ ಕೊನೆಯ ಧಾ ಸಮ್ ಮೇಲೆ. ಅನೇಕರು ಇದನ್ನು ಅಂದಾಜಿನಲ್ಲಿ ನುಡಿಸಿ ಕೊನೆಗೆ ಎಳೆದೋ ಓಡಿಸಿಯೋ ಸಮ್ ಮುಟ್ಟುತ್ತಾರೆ. ಲೆಕ್ಕ ಕಷ್ಟದ್ದೇನಲ್ಲ. ಸಮ್‌ನಿಂದ ಶುರುಮಾಡಿದರೆ ದುಗುನ್‌ನಲ್ಲಿ ಒಂದು ಆವರ್ತನಕ್ಕೆ 32 ಬೋಲು, ಮುಂದಿನ ಸಮ್ 33ನೆಯದು. ಮುಖದ ಮೊದಲ 8 ಬೋಲು, ಅದರ ಮೇಲೊಂದು ಧಾ, ಒಟ್ಟು 9. ಮೂರು ಸಲಕ್ಕೆ 27. ಉಳಿದ 6ನ್ನು ಎರಡು ಬಿಡುವಿಗೆ ಹಂಚಿದರೆ ಮೂರು ಮೂರು. ಅಂದರೆ ‘ಧಾ ಧಾ ತೆ ಟೆ ಧಾ ಧಾ ತೀ ನಾ ಧಾ’, ಮೂರು ಬೋಲಿನಷ್ಟು ಮೌನ, ಮತ್ತೆ ಅದೇ, ಮತ್ತೆ ಮೌನ, ಮತ್ತೆ ಅದೇ. ಮೊದಲ ತುಣುಕಿನ ಕೊನೆಯ ಧಾ ಐದನೆಯ ಮಾತ್ರೆಯ ಮೇಲೆ, ಎರಡನೆಯದು ಹನ್ನೊಂದರ ಮೇಲೆ, ಮೂರನೆಯದು ಸಮ್ ಮೇಲೆ. ತಪ್ಪುವುದು ಯಾವಾಗಲೂ ಮೌನದಲ್ಲಿ. ಕೈ ಸುಮ್ಮನಿದ್ದಾಗ ಮನಸ್ಸು ಅವಸರಪಟ್ಟು ಮೂರರ ಬದಲು ಎರಡೂವರೆಗೇ ಎದ್ದುಬಿಡುತ್ತದೆ. ಆ ಮೂರನ್ನೂ ಮನಸ್ಸಿನಲ್ಲಿ ‘ಒಂದು, ಎರಡು, ಮೂರು’ ಎಂದು ಹೇಳಿಕೊಳ್ಳಬೇಕು.

ಅಜರಾಡಾ ದಿಲ್ಲಿಯ ಮಗಳಂಥ ಘರಾಣೆ. ಅವರು ಮಾಡಿದ ದೊಡ್ಡ ಕೆಲಸ ತಿಸ್ರ ಜಾತಿಯ ಕಾಯದಾ. ನಮ್ಮ ಮುಖವನ್ನೇ ಮಾತ್ರೆಗೆ ಮೂರು ಬೋಲಿನಂತೆ ನುಡಿಸಿದರೆ 16 ಮಾತ್ರೆಗೆ 48 ಬೋಲು, ಅಂದರೆ ಮೂರು ಪೂರ್ತಿ ಸುತ್ತು. ಸಮ್ ಏನೋ ಸಿಗುತ್ತದೆ, ಖಾಲಿ ಮಾತ್ರ ಎಲ್ಲೆಲ್ಲೋ ಬೀಳುತ್ತದೆ. ಹಾಗಾಗಿ ಅಜರಾಡಾದವರು ಬೋಲಿನ ಕಟ್ಟಡವನ್ನೇ ಮೂರರಲ್ಲಿ ಕಟ್ಟಿದರು: ಭರಿಗೆ 24, ಖಾಲಿಗೆ 24. ಡಗ್ಗಾಕ್ಕೂ ಹೆಚ್ಚು ಮಾತು ಕೊಟ್ಟರು, ಮಣಿಕಟ್ಟನ್ನು ಒತ್ತಿ ಜಾರಿಸಿ ‘ಗೆ’ಯ ಸ್ವರ ಏರಿಸುವ ಮೀಂಡ್ ಅಲ್ಲಿ ಧಾರಾಳ. ದಿಲ್ಲಿಯ ಕೈ ಕೂರುವ ಮೊದಲೇ ಈ ಮೀಂಡ್ ಕಲಿಸುವುದು ಸರಿಯಲ್ಲ. ಡಗ್ಗಾ ಗುಮ್ಮೆನ್ನುವ ಖುಷಿಗೆ ಮಕ್ಕಳು ಪ್ರತಿ ‘ಗೆ’ಗೂ ಒತ್ತಲು ಶುರುಮಾಡಿದರೆ ಖಾಲಿ–ಭರಿಯ ಗೆರೆ ಅಳಿಸುತ್ತದೆ.

ಇನ್ನು ಸಾಥಿನ ವಿಷಯ. ಕಿರಾಣಾ ಗಾಯನ ಘರಾಣೆಯ ವಿಲಂಬಿತ (ನಿಧಾನ ಲಯದ) ಖಯಾಲಿನಲ್ಲಿ ಹೆಚ್ಚಾಗಿ ಬರುವುದು ಏಕತಾಲ, 12 ಮಾತ್ರೆ:

ಧಿಂ ಧಿಂ | ಧಾಗೆ ತಿರಕಿಟ | ತೂ ನಾ | ಕತ್ ತಾ | ಧಾಗೆ ತಿರಕಿಟ | ಧಿಂ ನಾ |

ಒಂದು ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೂ ಒಂದು ಆವರ್ತನಕ್ಕೆ 48 ಸೆಕೆಂಡು. ಆಲಾಪದಲ್ಲಿ ಮುಳುಗಿದ ಗಾಯಕರು ಮಾತ್ರೆ ಎಣಿಸುತ್ತ ಕೂರುವುದಿಲ್ಲ, ಕಿವಿಗೊಟ್ಟು ಜಾಗ ಹಿಡಿಯುತ್ತಾರೆ. ಈ ಠೇಕಾದಲ್ಲಿ ‘ಧಾಗೆ ತಿರಕಿಟ’ ಎರಡು ಸಲ ಬರುತ್ತದೆ: ಮೂರು–ನಾಲ್ಕರಲ್ಲಿ ಒಮ್ಮೆ, ಒಂಬತ್ತು–ಹತ್ತರಲ್ಲಿ ಒಮ್ಮೆ. ಎರಡೂ ಒಂದೇ. ಯಾವುದು ಯಾವುದೆಂದು ಹೇಳುವುದು ಅದರ ಮುಂದಿನ ಮಾತ್ರೆ: ಐದರಲ್ಲಿ ‘ತೂ’, ಡಗ್ಗಾ ಇಲ್ಲ, ಹನ್ನೊಂದರಲ್ಲಿ ‘ಧಿಂ’, ಡಗ್ಗಾ ಇದೆ. ಐದನೆಯ ಮಾತ್ರೆಯಲ್ಲಿ ಎಡಗೈ ಅಭ್ಯಾಸಬಲದಿಂದ ಒಂದು ಚೂರು ‘ಗೆ’ ಸೋರಿಸಿತೆಂದರೆ ಗಾಯಕರಿಗೆ ಸಮ್ ಬಂತೆಂದು ಭಾಸವಾಗಿ ಮುಖಡಾ (ಸಮ್‌ಗೆ ಒಯ್ಯುವ ಹಾಡಿನ ಸಾಲು) ಎತ್ತಿಬಿಡುತ್ತಾರೆ. ಸಭೆಯಲ್ಲಿ ಗಾಯಕರು ತಬಲಾದವರ ಕಡೆ ತಿರುಗಿ ನೋಡುವ ಪ್ರಸಂಗಗಳಲ್ಲಿ ಎಷ್ಟೋ ಇಂಥವು. ಈ ಸೋರಿಕೆಗೆ ಮದ್ದು ಕಾಯದಾ. ಸಾವಿರ ಸಲ ‘ಧಾ ಧಾ’ವನ್ನು ‘ತಾ ತಾ’ ಮಾಡಿದ ಎಡಗೈಗೆ ಸುಮ್ಮನಿರುವುದು ರೂಢಿಯಾಗಿರುತ್ತದೆ. ಕಿನಾರಿನ ಚೊಕ್ಕ ‘ನಾ’ ಕೂಡ ಇಲ್ಲಿ ಒದಗುತ್ತದೆ, ತಂಬೂರಿಯ ಷಡ್ಜದ ಜೊತೆ ಬೆರೆಯುವ ದನಿ ಅದೇ.

ಆ ‘ನಾ’ ಬೆರೆಯಬೇಕಾದರೆ ತಬಲಾ ಸ್ವರಕ್ಕಿರಬೇಕು, ನಮ್ಮ ಹವೆ ಅದಕ್ಕೆ ದಿನವೂ ಪರೀಕ್ಷೆ ಒಡ್ಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಚರ್ಮ ತೇವ ಹೀರಿ ಸಡಿಲಾಗಿ ಸ್ವರ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಗದಗಿನ ಒಣ ಬಿಸಿಲಿಗೆ ಒಯ್ದರೆ ಬಿಗಿದು ಏರುತ್ತದೆ. ಹೆಚ್ಚು ಬದಲಾಗಿದ್ದರೆ ಪಟ್ಟಿಗಳ ಕೆಳಗಿನ ಎಂಟು ಮರದ ಗಟ್ಟಿಗಳನ್ನು ಸುತ್ತಿಗೆಯಿಂದ ಕೆಳಕ್ಕೆ ಇಳಿಸಿ ಸ್ವರ ಏರಿಸಬೇಕು, ಮೇಲಕ್ಕೆ ತಂದು ಇಳಿಸಬೇಕು. ಸೂಕ್ಷ್ಮ ವ್ಯತ್ಯಾಸಕ್ಕೆ ಗಜರಾ, ಅಂದರೆ ಅಂಚಿನ ಹೆಣಿಗೆ: ಮೇಲಿನಿಂದ ತಟ್ಟಿದರೆ ಏರು, ಕೆಳಗಿನಿಂದ ತಟ್ಟಿದರೆ ಇಳಿ. ಒಂದು ಮನೆ (ಎರಡು ಪಟ್ಟಿಗಳ ನಡುವಿನ ಜಾಗ) ತಟ್ಟಿದ ಮೇಲೆ ಪಕ್ಕದ್ದಕ್ಕೆ ಹೋಗದೆ ಎದುರಿನ ಮನೆಗೆ ಹೋಗಬೇಕು, ಇಲ್ಲವಾದರೆ ಚರ್ಮ ಒಂದೇ ಬದಿಗೆ ಎಳೆದುಕೊಳ್ಳುತ್ತದೆ. ಹದಿನಾರು ಮನೆಯಲ್ಲೂ ಒಂದೇ ಸ್ವರ ಬರುವ ತನಕ ಕಿನಾರಿನ ಬಾಜ್ ಬಾಜಾಗದು. ಪೌಡರ್ ಬೆರಳಿಗೆ ಸ್ವಲ್ಪ, ಶಾಯಿಗೆ ಬೇಡ. ಬೆವರಿನ ಕೈಯಿಂದ ಶಾಯಿ ಒರೆಸುವುದೂ ಬೇಡ, ಶಾಯಿಯ ಪದರಗಳು ಬಿರಿದು ಏಳತೊಡಗಿದರೆ ‘ತೆ ಟೆ’ಯಲ್ಲಿ ಕಿರಿಕಿರಿ ಶುರುವಾಗುತ್ತದೆ.

ರಿಯಾಜಿನ ಲಯ ನಿಮಿಷಕ್ಕೆ 60 ಮಾತ್ರೆಯಿಂದ ಆಗಲಿ. ಒಂದೊಂದೇ ಬೋಲಿನಲ್ಲಿ ಮುಖ ನುಡಿಸಿದರೆ ಒಂದು ಸುತ್ತಿಗೆ 16 ಸೆಕೆಂಡು. ಹತ್ತು ನಿಮಿಷ ಹೀಗೇ ಹೋಗಲಿ, ಬೇಸರ ಬಂದರೂ. ನಂತರ ಅದೇ ಲಯದಲ್ಲಿ ದುಗುನ್, ಒಂದು ಪಲಟಾ, ಮರಳಿ ಮುಖ. ಒಂದು ದಿನಕ್ಕೆ ಎರಡು ಪಲಟಾ ಸಾಕು. ‘ಟೆ’ ಕೇಳದಾದ ಕ್ಷಣ ಲಯ ಇಳಿಸಬೇಕು, ಏರಿಸುವುದಾದರೆ ಐದೈದು ಮಾತ್ರೆ.

ಮತ್ತು ವಾರಕ್ಕೊಮ್ಮೆ ಒಂದು ಪರೀಕ್ಷೆ. ಮನೆಯಲ್ಲಿ ಯಾರನ್ನಾದರೂ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸಿ, ಕಾಯದಾ ನುಡಿಸಿ. ಗೋಡೆ ದಾಟುವಾಗ ಬಲಗೈಯ ಸಣ್ಣ ದನಿ ಬಹಳ ಮಟ್ಟಿಗೆ ಕರಗಿ ಡಗ್ಗಾದ ಗುಂಗೇ ಹೆಚ್ಚು ಕೇಳುತ್ತದೆ. ಖಾಲಿ ಬಂದಾಗಲೆಲ್ಲ ಅವರು ಒಂದು ಚಪ್ಪಾಳೆ ತಟ್ಟಲಿ. ಹತ್ತು ಆವರ್ತನದಲ್ಲಿ ಹತ್ತು ಚಪ್ಪಾಳೆ ಸರಿಯಾದ ಜಾಗಕ್ಕೆ ಬಿದ್ದರೆ ಮುಂದಿನ ಪಲಟಾಕ್ಕೆ ಹೋಗಬಹುದು.